ಜಾಮ್ ಆದ ಬಕೆಟ್ ಪಿನ್ನಿಗೆ ಥರ್ಮಿಕ್ ಲ್ಯಾನ್ಸ್: ಸಂಡೂರಿನ ಗಣಿಯಲ್ಲಿ ಒಂದು ರಿಪೇರಿ

ಸಂಡೂರಿನ ಬೆಟ್ಟದಲ್ಲಿ ಒಂದು ಕಬ್ಬಿಣದ ಅದಿರಿನ ಗಣಿ. ಅಲ್ಲಿನ 90 ಟನ್ ವರ್ಗದ ಎಕ್ಸ್‌ಕವೇಟರ್‌ನಲ್ಲಿ ಬಕೆಟ್ ಪಿನ್ ಜಾಮ್ ಆಗಿತ್ತು. ಆರ್ಮ್‌ನ ತುದಿಗೆ ಬಕೆಟ್ ಸೇರುವ ಜಾಗದ ಪಿನ್ ಅದು. ದಪ್ಪ 120 ಮಿಲಿಮೀಟರ್, ಉದ್ದ 900ಕ್ಕಿಂತ ಸ್ವಲ್ಪ ಜಾಸ್ತಿ, ತೂಕ 80 ಕೆಜಿ. ಬಕೆಟ್‌ಗೆ ಎರಡು ಕಿವಿ, ನಡುವೆ ಆರ್ಮ್‌ನ ಬಾಸ್ (ಪಿನ್ ಹಾಯುವ ತೂತಿರುವ ದಪ್ಪ ಉಕ್ಕಿನ ಭಾಗ), ಬಾಸ್‌ನ ಎರಡೂ ತುದಿಗೆ ಒಂದೊಂದು ಬುಷ್, ಅಂದರೆ ಪಿನ್ ಒಳಗೆ ತಿರುಗುವ ಲೋಹದ ಬಳೆ. ಪಿನ್ ಇಷ್ಟನ್ನೂ ಹಾದು ಹೋಗುತ್ತದೆ. ಬಕೆಟ್ ಕಿವಿಯಲ್ಲಿ ಪಿನ್ ತಿರುಗಬಾರದು. ಅದನ್ನು ಹಿಡಿದಿಡಲು ಒಂದು ಅಡ್ಡ ಬೋಲ್ಟ್ ಇದೆ. ತಿರುಗಾಟವೆಲ್ಲ ಬುಷ್ ಒಳಗೆ ಮಾತ್ರ.

ಎಡಗಡೆಯ ಬುಷ್‌ಗೆ ಗ್ರೀಸ್ ಹೋಗದೆ ಪಿನ್ ಅಲ್ಲಿ ಕಚ್ಚಿಕೊಂಡಿತ್ತು. ಹಾಗಾದಾಗ ಬಕೆಟ್ ಮಡಚಿದಾಗಲೆಲ್ಲ ಅಡ್ಡ ಬೋಲ್ಟ್ ಮೇಲೆ ಹೊಡೆತ ಬೀಳುತ್ತದೆ. ಒಂದು ದಿನ ಅದು ಕತ್ತರಿಸಿಹೋಗುತ್ತದೆ. ಆಮೇಲೆ ಪಿನ್ ಬಕೆಟ್ ಕಿವಿಯೊಳಗೇ ತಿರುಗುತ್ತಾ ಕಿವಿಯನ್ನೇ ಸವೆಸುತ್ತದೆ. ಆಪರೇಟರ್ ಮೊದಲೇ ಹೇಳಿದ್ದ: "ಅಣ್ಣಾ, ಬಕೆಟ್ ಮಡಚುವಾಗ ಕಿರ್ರ್ ಅಂತದೆ, ಆಮೇಲೆ ಒಮ್ಮೆಗೇ ಜಿಗೀತದೆ." ನಾವು ಹೋಗಿ ನೋಡುವಷ್ಟರಲ್ಲಿ ಬೋಲ್ಟ್ ಎರಡು ತುಂಡಾಗಿತ್ತು.

ಇಂಥ ಪಿನ್ನಿಗೆ ಎಲ್ಲರೂ ಮೊದಲು ಮಾಡುವುದನ್ನೇ ನಾವೂ ಮಾಡಿದೆವು. ಬಲಗಡೆಯಿಂದ 100 ಟನ್ ಜ್ಯಾಕಿ ಕಟ್ಟಿ ಎಡಕ್ಕೆ ಒತ್ತಿದೆವು. ಪಂಪಿನ ಗೇಜ್ 700 ಬಾರ್ ಮುಟ್ಟಿತು, ಪಿನ್ ಅಲುಗಲಿಲ್ಲ. ಜ್ಯಾಕಿಯ ಒತ್ತಡ ಇಟ್ಟುಕೊಂಡೇ ಬಾಸ್ ಸುತ್ತ ಹೀಟಿಂಗ್ ಟಾರ್ಚ್ ಹಿಡಿದೆವು. ಬಾಸ್ ಹಿಗ್ಗಿದರೆ ಪಿನ್ ಬಿಡಬೇಕು ಅನ್ನುವುದು ಲೆಕ್ಕ. ಆದರೆ ಇಷ್ಟು ದಪ್ಪದ ಬಾಸ್ ಕಾಯುವಷ್ಟರಲ್ಲಿ ಒಳಗಿನ ಪಿನ್ನೂ ಕಾಯುತ್ತದೆ. ಎರಡೂ ಒಟ್ಟಿಗೆ ಹಿಗ್ಗಿದರೆ ಏನು ಲಾಭ? ಸಮ್ಮಟಿ ಏಟಿಗೆ ಪಿನ್ನಿನ ಮುಖ ಹೂವಿನ ಹಾಗೆ ಅರಳಿತು, ಅಷ್ಟೇ. ಅರಳಿದ ಅಂಚನ್ನು ಗ್ರೈಂಡರ್‌ನಲ್ಲಿ ತೆಗೆಯುವ ಕೆಲಸ ಹೊಸದಾಗಿ ಸೇರಿತು.

ಈ ಭಾಗದವರಿಗೆ ಜಾಮ್ ಪಿನ್ ಹೊಸದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತಾಗ ಯಂತ್ರಗಳೂ ನಿಂತಲ್ಲೇ ನಿಂತವು. ಮಳೆನೀರು, ಕೆಂಪು ಧೂಳು, ಅಲುಗಾಡದ ಪಿನ್: ತುಕ್ಕು ಹಿಡಿಯಲು ಇನ್ನೇನು ಬೇಕು? ಪಿನ್‌ಗೆ ನಿಜವಾಗಿ ಬೇಕಾದ್ದು ಎರಡೇ, ಗ್ರೀಸ್ ಮತ್ತು ಚಲನೆ.

ಮುಂದೆ ಇದ್ದ ದಾರಿಗಳು ಮೂರು. ಒಂದು, ಗ್ಯಾಸ್ ಕಟ್ಟರ್. ಅದು ಪ್ಲೇಟ್ ಕತ್ತರಿಸಲು ಬಲು ಒಳ್ಳೆಯದು. ಆದರೆ ಪ್ಲೇಟ್‌ನಲ್ಲಿ ಕಿಟ್ಟ (ಉರಿದು ಕರಗಿದ ಕಬ್ಬಿಣದ ಕಸ) ಕೆಳಗಿನಿಂದ ಬಿದ್ದು ಹೋಗುತ್ತದೆ. ಪಿನ್ನಿನ ಮುಖದಿಂದ ಒಳಕ್ಕೆ ಅಡಿಗಟ್ಟಲೆ ತೂತು ಕೊರೆಯಬೇಕು ಅಂದರೆ ಕಿಟ್ಟಕ್ಕೆ ಹೋಗಲು ಜಾಗವಿಲ್ಲ. ಟಾರ್ಚಿನ ಜ್ವಾಲೆಯೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ನಾಜಲ್ ಸುಟ್ಟು ಹೋಗುತ್ತದೆ. ಎರಡು, ಡ್ರಿಲ್ಲಿಂಗ್. ಪಿನ್ನಿನ ಮೈ ಇಂಡಕ್ಷನ್ ಹಾರ್ಡನಿಂಗ್ ಮಾಡಿದ್ದು, ಅಂದರೆ ವಿದ್ಯುತ್ತಿನಿಂದ ಕಾಯಿಸಿ ಗಟ್ಟಿ ಮಾಡಿದ್ದು. ಒಳಗಿನ ತಿರುಳು ಡ್ರಿಲ್‌ಗೆ ಬಗ್ಗುತ್ತದೆ, ಆದರೆ ಬೆಟ್ಟದ ಮೇಲೆ ಅಷ್ಟು ಉದ್ದದ ಡ್ರಿಲ್ಲನ್ನು ನೇರ ಹಿಡಿದು ನಡೆಸುವುದು ದಿನಗಟ್ಟಲೆ ಕೆಲಸ. ಮೂರು, ಥರ್ಮಿಕ್ ಲ್ಯಾನ್ಸ್. ಮೂರನೆಯದನ್ನೇ ಆರಿಸಿದೆವು.

ಲ್ಯಾನ್ಸ್ ಅಂದರೆ ಉದ್ದನೆಯ ಉಕ್ಕಿನ ಕೊಳವೆ. ಒಳಗೆ ಉಕ್ಕಿನ ಕಂಬಿಗಳನ್ನು ಬಿಗಿಯಾಗಿ ತುಂಬಿರುತ್ತಾರೆ. ಹಿಂದಿನಿಂದ ಆಕ್ಸಿಜನ್ ಬಿಡುತ್ತಾರೆ. ತುದಿಯನ್ನು ಒಮ್ಮೆ ಕೆಂಪಗೆ ಕಾಯಿಸಿದರೆ ಸಾಕು, ಕಬ್ಬಿಣವೇ ಸೌದೆಯಾಗಿ ಉರಿಯಲು ಶುರುವಾಗುತ್ತದೆ. ಆಕ್ಸಿಜನ್ ಇರುವವರೆಗೂ ಉರಿ. ಬಂದ್ ಮಾಡಿದರೆ ಉರಿ ನಿಂತಿತು. ಕೊಳವೆ ತುದಿಯಿಂದ ಹಿಂದಕ್ಕೆ ಖಾಲಿಯಾಗುತ್ತಾ ಬರುತ್ತದೆ. 3 ಮೀಟರ್ ಕೊಳವೆ ಕೆಲವೇ ನಿಮಿಷ ಬಾಳುತ್ತದೆ. ಇದೇ ತತ್ವದ ಸಣ್ಣ ರಾಡ್‌ಗಳೂ ಇವೆ. ಕಾಲು ಇಂಚು, 3/8 ಇಂಚು ದಪ್ಪದವು. 12 ವೋಲ್ಟ್ ಬ್ಯಾಟರಿಗೆ ತಾಮ್ರದ ಪಟ್ಟಿ ಜೋಡಿಸಿ ಗೀಚಿದರೆ ಹೊತ್ತಿಕೊಳ್ಳುತ್ತವೆ. ಬೋಲ್ಟ್, ಸಣ್ಣ ಪಿನ್, ನೀರಿನೊಳಗಿನ ಕಟ್ಟಿಂಗ್‌ಗೆ ಅವು ಸರಿ. ನಮ್ಮ 120ರ ಪಿನ್ನಿಗೆ ದೊಡ್ಡದೇ ಬೇಕಾಗಿತ್ತು.

ಇದರ ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಯಾವಾಗಲೂ ಇಷ್ಟದ ವಿಷಯ. ಒಂದು ಕೆಜಿ ಕಬ್ಬಿಣ ಉರಿದರೆ ಸುಮಾರು 6.7 ಮೆಗಾಜೂಲ್ ಶಾಖ ಹೊರಬರುತ್ತದೆ. ಒಂದು ಕೆಜಿ ಎಲ್‌ಪಿಜಿ ಇದರ ಆರೇಳು ಪಟ್ಟು ಕೊಡುತ್ತದೆ. ಹಾಗಿದ್ದರೂ ಲ್ಯಾನ್ಸ್ ಮುಂದೆ ಎಲ್‌ಪಿಜಿ ಏನೂ ಅಲ್ಲ. ಯಾಕೆ? ಎಲ್‌ಪಿಜಿ ಉರಿದಾಗ ಬಿಸಿಯನ್ನೆಲ್ಲ ಅನಿಲ ಹೊತ್ತುಕೊಂಡು ಹೋಗುತ್ತದೆ. ಗಾಳಿಯಲ್ಲಿ ಉರಿದರೆ ಕೆಲಸಕ್ಕೆ ಬಾರದ ನೈಟ್ರೋಜನ್ನನ್ನೂ ಕಾಯಿಸಬೇಕು. ಲ್ಯಾನ್ಸ್‌ನಲ್ಲಿ ಉರಿದು ಆಗುವುದು ಅನಿಲವಲ್ಲ, ಕರಗಿದ ಕಿಟ್ಟ. ಬಿಸಿಯೆಲ್ಲ ಹೆಬ್ಬೆರಳಗಲದ ಆ ಜಾಗದಲ್ಲೇ ಉಳಿಯುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿಗೆ. ಲ್ಯಾನ್ಸ್ ತುದಿ ಅದನ್ನು ಎಲ್ಲೋ ಹಿಂದೆ ಬಿಟ್ಟು ಮೇಲೆ ಹೋಗುತ್ತದೆ. ಜೊತೆಗೆ ಎದುರಿಗಿರುವ ಪಿನ್ನೂ ಉಕ್ಕೇ, ಅಲ್ವಾ? ಹೆಚ್ಚಿನ ಆಕ್ಸಿಜನ್ ಸಿಕ್ಕಿದರೆ ಅದೂ ಉರಿಯುತ್ತದೆ, ತಾನೇ ತನ್ನ ತೂತಿಗೆ ಬಿಸಿ ಕೊಡುತ್ತದೆ.

ಸಂಡೂರಿನ ಅದಿರು ಅಂದರೆ ಕಬ್ಬಿಣ ಮತ್ತು ಆಕ್ಸಿಜನ್ ಕೂಡಿದ ಕೆಂಪು ಹೆಮಟೈಟ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬ್ಲಾಸ್ಟ್ ಫರ್ನೇಸ್ (ಅದಿರು ಕರಗಿಸುವ ಕುಲುಮೆ) ಕೋಕ್ ಸುಟ್ಟು ಆ ಆಕ್ಸಿಜನ್ನನ್ನು ಕಿತ್ತುಹಾಕುತ್ತದೆ. ಲ್ಯಾನ್ಸ್ ಅದನ್ನೇ ಮತ್ತೆ ಕಬ್ಬಿಣಕ್ಕೆ ಸೇರಿಸುತ್ತದೆ. ಅಲ್ಲಿ ಹಾಕಿದ ಶಾಖವೇ ಇಲ್ಲಿ ವಾಪಸ್ ಬರುತ್ತದೆ. ಲ್ಯಾನ್ಸ್ ಕೆಲಸದ ನಂತರ ಕೆಳಗೆ ಬಿದ್ದ ಕಪ್ಪು ಕಿಟ್ಟಕ್ಕೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟುತ್ತದೆ. ಅದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ಅದು ಮ್ಯಾಗ್ನೆಟ್‌ಗೆ ಅಂಟುವ ಕಬ್ಬಿಣದ ಆಕ್ಸೈಡ್. ಪಕ್ಕದಲ್ಲೇ ಇರುವ ಗಣಿಯ ಕೆಂಪು ಧೂಳು ಹಾಗೆ ಅಂಟುವುದಿಲ್ಲ.

ಈ ಉಪಾಯ ಹುಟ್ಟಿದ್ದೂ ಫರ್ನೇಸ್ ಮುಂದೆಯೇ. ಕರಗಿದ ಕಬ್ಬಿಣ ಹೊರಬರುವ ಟ್ಯಾಪ್‌ಹೋಲ್ ಗಟ್ಟಿಯಾಗಿ ಮುಚ್ಚಿಹೋದಾಗ ಅದನ್ನು ಆಕ್ಸಿಜನ್ನಿನಿಂದ ತೆರೆಯುವ ವಿಧಾನಕ್ಕೆ ಜರ್ಮನಿಯ ಎರ್ನ್ಸ್ಟ್ ಮೆನ್ನೆ 1901ರಲ್ಲಿ ಪೇಟೆಂಟ್ ಪಡೆದರು. ಉಕ್ಕಿನ ಕಾರ್ಖಾನೆಗಳಲ್ಲಿ ಇಂದಿಗೂ ಲ್ಯಾನ್ಸಿಂಗ್ ಪೈಪ್ ಕಟ್ಟುಗಟ್ಟಲೆ ಖರ್ಚಾಗುತ್ತದೆ. ಅದು ಬರೀ ಖಾಲಿ ಪೈಪ್. ಎದುರಿಗೆ ಆಗಲೇ ಬಿಸಿ ಲೋಹ ಇರುವುದರಿಂದ ಅಲ್ಲಿ ಅಷ್ಟು ಸಾಕು. ತಣ್ಣನೆಯ ಪಿನ್ನಿಗೆ ಹೊರಟ ನಮಗೆ ಒಳಗೆ ಕಂಬಿ ತುಂಬಿದ ಲ್ಯಾನ್ಸೇ ಬೇಕು.

ಈಗ ಮುಖ್ಯ ಮಾತು. ಪಿನ್ನನ್ನು ಪೂರ್ತಿ ಕರಗಿಸಿ ತೆಗೆಯುವುದು ನಮ್ಮ ಉದ್ದೇಶವಾಗಿರಲಿಲ್ಲ. ಹಾಗೆ ಮಾಡಲು ಹೋದರೆ ಬುಷ್, ಬಾಸ್ ಎಲ್ಲ ಸುಟ್ಟುಹೋಗುತ್ತವೆ. ಬೇಕಾಗಿದ್ದು ನಡುವೆ ಒಂದು ತೂತು, ಅಷ್ಟೇ. ಎಡಮುಖದಿಂದ 400 ಮಿಲಿಮೀಟರ್ ಆಳ, ಸುಮಾರು 35 ಮಿಲಿಮೀಟರ್ ಅಗಲ. ಬಕೆಟ್ ಕಿವಿ ದಾಟಿ ಬುಷ್ ಮುಗಿಯುವವರೆಗೂ ಅಷ್ಟು ಸಾಕು. ಆ ತೂತಿನಿಂದ ಹೋಗುವ ಉಕ್ಕು 3 ಕೆಜಿ. ಆ ಉದ್ದದ ಪಿನ್ನಿನ ತೂಕ 35 ಕೆಜಿ. ಹತ್ತರಲ್ಲಿ ಒಂದು ಪಾಲೂ ತೆಗೆಯುತ್ತಿಲ್ಲ. ಹಾಗಾದರೆ ಪಿನ್ ಹೇಗೆ ಬಿಡುತ್ತದೆ?

ತೂತು ಬೀಳುವಾಗ ಪಿನ್ ಒಳಗಿನಿಂದ ಕೆಂಪಗೆ ಕಾಯುತ್ತದೆ, ಹಿಗ್ಗಲು ನೋಡುತ್ತದೆ. ಸುತ್ತಲಿನ ಬಾಸ್ ಇನ್ನೂ ತಣ್ಣಗಿದೆ, ಜಾಗ ಕೊಡುವುದಿಲ್ಲ. ಕಾದ ಉಕ್ಕಿಗೆ ಬಲ ಕಡಿಮೆ. ಹೊರಕ್ಕೆ ಹಿಗ್ಗಲಾಗದೆ ಅದು ಒಳಕ್ಕೆ, ಉದ್ದಕ್ಕೆ ಹಿಸುಕಿಕೊಳ್ಳುತ್ತದೆ. ಆಮೇಲೆ ತಣ್ಣಗಾದಾಗ ಕುಗ್ಗುವುದು ಮಾತ್ರ ಪೂರ್ತಿ ಕುಗ್ಗುತ್ತದೆ. 120 ಮಿಲಿಮೀಟರ್ ಉಕ್ಕು 500 ಡಿಗ್ರಿ ಏರಿದರೆ ಹಿಗ್ಗಬೇಕಾದದ್ದು ಸುಮಾರು 0.7 ಮಿಲಿಮೀಟರ್. ಅದರಲ್ಲಿ ಒಂದು ಪಾಲು ಹಿಸುಕಿ ಹೋದರೂ ಕಚ್ಚಿಕೊಂಡ ಮೇಲ್ಮೈ ಬಿಡಲು ಬೇಕಾದಷ್ಟು ಸಂದು ಸಿಗುತ್ತದೆ. ಅಂದರೆ ಪಿನ್ನನ್ನು ಬಿಡಿಸುವುದು ಬೆಂಕಿಯಲ್ಲ, ಬೆಂಕಿ ಆರಿದ ಮೇಲಿನ ತಂಪು. ಇದು ತಲೆಯಲ್ಲಿದ್ದರೆ ಕೆಲಸದ ಕ್ರಮವೇ ಬದಲಾಗುತ್ತದೆ. ಬಾಸ್ ಕಾಯುವ ಮೊದಲೇ ತೂತು ಮುಗಿಸಬೇಕು, ಆಮೇಲೆ ಕೈಕಟ್ಟಿ ಕೂರಬೇಕು.

ಲ್ಯಾನ್ಸ್ ಉರಿಯುವ ಹೊತ್ತು ಕಡಿಮೆ. ತಯಾರಿಗೇ ಇಡೀ ಶಿಫ್ಟ್ ಬೇಕು.

ಮೊದಲು ಹಾಟ್ ವರ್ಕ್ ಪರ್ಮಿಟ್, ಅಂದರೆ ಬೆಂಕಿ ಕೆಲಸಕ್ಕೆ ಅನುಮತಿ. ಯಂತ್ರವನ್ನು ಅದಿರು ಸಾಗಿಸುವ ದಾರಿಯಿಂದ ಪಕ್ಕಕ್ಕೆ ತಂದು, ಸಮತಟ್ಟಾದ ಬೆಂಚ್ (ಗಣಿಯ ಮೆಟ್ಟಿಲು) ಮೇಲೆ ನಿಲ್ಲಿಸಿದೆವು. ಡಂಪರ್‌ಗಳನ್ನು ದೂರ ಕಳಿಸಿದೆವು. ಟೈರ್ ಹತ್ತಿರ ಬೆಂಕಿ ಕೆಲಸ ಮಾಡಬಾರದು ಅನ್ನುವುದು ಗಣಿಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರಬೇಕು. ಹೊರಗೆ ಏನೂ ಕಾಣದಿದ್ದರೂ ಬಿಸಿಗೆ ಟೈರಿನ ಒಳಗಿನ ರಬ್ಬರ್ ಆವಿಯಾಗಿ, ಹೊತ್ತಿಕೊಂಡು ಟೈರ್ ಸಿಡಿಯುತ್ತದೆ. ಪಕ್ಕದಲ್ಲಿದ್ದವರು ಉಳಿಯುವುದಿಲ್ಲ.

ಬಕೆಟ್ಟನ್ನು ಮರದ ಸ್ಲೀಪರ್ ಮೇಲೆ ಕೂರಿಸಿದೆವು. ಸ್ಲೀಪರ್ ಜೋಡಿಸುವಾಗ ಒಂದು ಬದಿ ಸ್ವಲ್ಪ ಎತ್ತರಿಸಿ, ಪಿನ್ನಿನ ಎಡಬಾಯಿ ಕೆಳಮುಖವಾಗುವಂತೆ ನೋಡಿಕೊಂಡೆವು. ಇದು ಸಣ್ಣ ವಿಷಯ ಅನಿಸಬಹುದು. ಆದರೆ ತೂತಿನ ಬಾಯಿ ಕೆಳಗಿದ್ದರೆ ಕರಗಿದ ಕಿಟ್ಟ ತಾನಾಗೇ ಹರಿದು ಹೊರಬರುತ್ತದೆ. ಬಾಯಿ ಮೇಲಿದ್ದರೆ ಒಳಗೇ ನಿಂತು ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಮತ್ತೆ ಕರಗಿಸುತ್ತಾ ಲ್ಯಾನ್ಸ್ ಖಾಲಿಯಾಗುತ್ತದೆ.

ಹೈಡ್ರಾಲಿಕ್ ಒತ್ತಡ ಇಳಿಸಿದೆವು. ಬಕೆಟ್ ಸಿಲಿಂಡರಿನ ಹತ್ತಿರದ ಹೋಸ್‌ಗಳನ್ನು ಬಿಚ್ಚಿ, ಬಾಯಿ ಮುಚ್ಚಿ, ದೂರ ಕಟ್ಟಿದೆವು. ಸಿಲಿಂಡರ್ ರಾಡಿನ ಕ್ರೋಮ್ ಮೇಲೆ ಒಂದು ಕಿಡಿ ಅಂಟಿದರೂ ಮುಂದೆ ಸೀಲ್ ಹರಿಯುತ್ತದೆ. ಅದಕ್ಕೆ ರಾಡಿಗೆ ಫೈರ್ ಬ್ಲ್ಯಾಂಕೆಟ್ ಸುತ್ತಿ, ಮೇಲೆ ತಗಡು ಕಟ್ಟಿದೆವು. ಬ್ಯಾಟರಿ ಐಸೊಲೇಟರ್ ತೆಗೆದೆವು.

ಆಮೇಲೆ ಗ್ರೀಸ್. ಹೆದರಬೇಕಾದದ್ದು ಇದಕ್ಕೇ. ಒತ್ತಡದ ಆಕ್ಸಿಜನ್ ಮತ್ತು ಗ್ರೀಸ್ ಒಂದಕ್ಕೊಂದು ತಾಗಬಾರದು. ಕಿಡಿಯೂ ಬೇಡ, ತಾನಾಗೇ ಹೊತ್ತಿಕೊಳ್ಳಬಹುದು. ಬಾಸ್ ಸುತ್ತ ಕೆರೆದು, ಒರೆಸಿ, ತೊಳೆದೆವು. ಹೊರಗಿನದು ಹೋಯಿತು. ಒಳಗೆ, ಎರಡು ಬುಷ್‌ಗಳ ನಡುವಿನ ಪೊಳ್ಳಿನಲ್ಲಿ ಹಳೆಯ ಗ್ರೀಸ್ ಇದ್ದೇ ಇರುತ್ತದೆ. ಪಿನ್ ಕಾದಾಗ ಆ ಗ್ರೀಸ್ ಕುದಿದು ಆವಿಯಾಗುತ್ತದೆ. ಹೊರಬರಲು ದಾರಿ ಇಲ್ಲದಿದ್ದರೆ ಸೀಲ್ ಕಿತ್ತುಕೊಂಡು, ಉರಿಯುವ ಗ್ರೀಸ್ ಪಿಚಕಾರಿಯಂತೆ ಚಿಮ್ಮುತ್ತದೆ. ಆದ್ದರಿಂದ ಆ ಬಾಸ್‌ಗೆ ಗ್ರೀಸ್ ತುಂಬುವ ನಿಪ್ಪಲ್‌ಗಳನ್ನೆಲ್ಲ ಬಿಚ್ಚಿ ತೆಗೆದೆವು. ಎರಡೂ ಕಡೆಯ ಸೀಲ್‌ಗಳನ್ನು ಕತ್ತರಿಸಿ ಹಾಕಿದೆವು. ಹೇಗೂ ಹೊಸದು ಹಾಕುವುದೇ ತಾನೆ. ಮುಚ್ಚಿದ ಪೊಳ್ಳಿಗೆ ದಾರಿ ಮಾಡಿಕೊಡದೆ ಯಾರೂ ಲ್ಯಾನ್ಸ್ ಹೊತ್ತಿಸಬೇಡಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಆಕ್ಸಿಜನ್ ಲೆಕ್ಕ ಹೀಗೆ. ಕಪ್ಪು ಬಣ್ಣದ ದೊಡ್ಡ ಸಿಲಿಂಡರ್ ಒಂದರಲ್ಲಿ 150 ಬಾರ್ ಒತ್ತಡದಲ್ಲಿ 7 ಘನ ಮೀಟರ್ ಇರುತ್ತದೆ. ಒಂದು ಕೆಜಿ ಕಬ್ಬಿಣ ಉರಿಯಲು ಕಾಗದದ ಮೇಲೆ 0.38 ಕೆಜಿ ಆಕ್ಸಿಜನ್, ಅಂದರೆ 0.29 ಘನ ಮೀಟರ್ ಸಾಕು. ಕೆಲಸದಲ್ಲಿ ಅದರ ಹಲವು ಪಟ್ಟು ಹೋಗುತ್ತದೆ, ಯಾಕೆಂದರೆ ಕಿಟ್ಟವನ್ನು ಹೊರಕ್ಕೆ ಊದಿ ತಳ್ಳುವುದೂ ಆಕ್ಸಿಜನ್ನೇ. ಒಂದೇ ಸಿಲಿಂಡರಿನಿಂದ ಇಷ್ಟು ವೇಗವಾಗಿ ಎಳೆದರೆ ರೆಗ್ಯುಲೇಟರ್ ಮಂಜು ಹಿಡಿಯುತ್ತದೆ, ಒತ್ತಡ ಬೀಳುತ್ತದೆ, ನಡುವೆ ಲ್ಯಾನ್ಸ್ ಆರುತ್ತದೆ. ಹಾಗಾಗಿ ಸಿಲಿಂಡರ್‌ಗಳನ್ನು ಮ್ಯಾನಿಫೋಲ್ಡ್‌ಗೆ (ಎಲ್ಲವನ್ನೂ ಒಂದೇ ಹೋಸಿಗೆ ಸೇರಿಸುವ ಪೈಪಿಗೆ) ಜೋಡಿಸಿ ದೂರ ನಿಲ್ಲಿಸಿ, ಸರಪಳಿ ಹಾಕಿದೆವು. ಅಗಲ ಬಾಯಿಯ ನೀಲಿ ಹೋಸ್ ಎಳೆದೆವು. ಹೋಲ್ಡರಿನಲ್ಲಿ ಬೆಂಕಿ ಹಿಂದಕ್ಕೆ ಬರದಂತೆ ಅರೆಸ್ಟರ್ ಇರಲೇಬೇಕು. ವಾಲ್ವ್ ತೆರೆಯುವುದು ನಿಧಾನವಾಗಿ. ದಿಢೀರ್ ತೆರೆದರೆ ಒಳಗಿನ ಅನಿಲ ಒತ್ತಿ ಬಿಸಿಯಾಗಿ ರೆಗ್ಯುಲೇಟರ್‌ಗೇ ಬೆಂಕಿ ಹಿಡಿಯಬಹುದು.

ಮಾರ್ಕೆಟ್‌ನಲ್ಲಿ ಸಿಗುವ ಲ್ಯಾನ್ಸ್ ದುಬಾರಿ ಅಂತ ಕೆಲವು ಕಡೆ ಜಿಐ ಪೈಪಿಗೆ ಸಿಕ್ಕ ಸಿಕ್ಕ ತಂತಿ ತುಂಬುವುದನ್ನು ನೋಡಿದ್ದೇನೆ. ಬೇಡ. ಜಿಐ ಮೇಲಿನ ಸತು ಆವಿಯಾಗಿ ಮೂಗಿಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ. ಎಣ್ಣೆ ಮೆತ್ತಿದ ತಂತಿಯಾದರೆ ಲ್ಯಾನ್ಸ್ ಕೈಯಲ್ಲೇ ಒಡೆಯಬಹುದು.

ಬಟ್ಟೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಈ ಕೆಲಸದಲ್ಲಿ ತೂತು ಆರಪಾರ ಹೋಗುವುದಿಲ್ಲ, 400ಕ್ಕೆ ನಿಲ್ಲುತ್ತದೆ. ಅಂದರೆ ಒಳಗಿನ ಕಿಡಿ, ಕಿಟ್ಟ ಎಲ್ಲವೂ ಹಿಡಿದವನ ಕಡೆಗೇ ವಾಪಸ್ ಬರುತ್ತದೆ. ಚರ್ಮದ ಕೋಟು, ಪ್ಯಾಂಟಿನ ಮೇಲೆ ಚರ್ಮದ ಗೇಟರ್, ಮುಖಕ್ಕೆ ಗಾಢ ಗಾಜಿನ ಫೇಸ್ ಶೀಲ್ಡ್, ಕುತ್ತಿಗೆ ಮುಚ್ಚುವ ಹುಡ್, ಮೊಣಕೈವರೆಗಿನ ಗ್ಲೌಸ್. ಒಳಗೆ ಹತ್ತಿ ಬಟ್ಟೆ ಮಾತ್ರ. ನೈಲಾನ್, ಪಾಲಿಯೆಸ್ಟರ್ ಮೈಗೆ ಕರಗಿ ಅಂಟುತ್ತವೆ. ಹೊಗೆಗೆ ಸರಿಯಾದ ರೆಸ್ಪಿರೇಟರ್. ಕರವಸ್ತ್ರ ಕಟ್ಟಿದರೆ ಆಗುವುದಿಲ್ಲ. ಕಂದು ಹೊಗೆಯಲ್ಲಿ ಕಬ್ಬಿಣದ ಆಕ್ಸೈಡ್ ಜೊತೆ ಮ್ಯಾಂಗನೀಸ್ ಕೂಡ ಇರುತ್ತದೆ. ಕ್ರಷರ್ ಜಾ, ಲೈನರ್‌ಗಳಂಥ ಮ್ಯಾಂಗನೀಸ್ ಉಕ್ಕಿನಲ್ಲಂತೂ ಶೇಕಡಾ 11ರಿಂದ 14ರಷ್ಟು ಅದೇ. ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ನರಕ್ಕೆ ಪೆಟ್ಟು, ಕೈ ನಡುಕ. ಗುತ್ತಿಗೆ ಹುಡುಗರು ಬಿಸಿಲಿನ ಕನ್ನಡಕ ಹಾಕಿಕೊಂಡು ಲ್ಯಾನ್ಸ್ ಹಿಡಿಯುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಯಂತ್ರ ಒಂದು ದಿನ ತಡವಾಗಿ ಎದ್ದರೆ ನಷ್ಟವನ್ನು ಹೇಗಾದರೂ ತುಂಬಿಸಬಹುದು. ಹೋದ ಕಣ್ಣು ಬರುವುದಿಲ್ಲ.

ಇನ್ನೊಂದು ಕೆಟ್ಟ ಚಾಳಿ ಇದೆ. ಬೇಸಿಗೆಯಲ್ಲಿ ಬೆವರಿಳಿದಾಗ ಕೆಲವರು ಆಕ್ಸಿಜನ್ ಹೋಸನ್ನೇ ಅಂಗಿಯೊಳಗೆ ಬಿಟ್ಟುಕೊಳ್ಳುತ್ತಾರೆ, ಮೈಮೇಲಿನ ಧೂಳು ಊದಿಕೊಳ್ಳುತ್ತಾರೆ. ಬಟ್ಟೆ ಆಕ್ಸಿಜನ್ ಹೀರಿಕೊಂಡರೆ ಒಂದು ಕಿಡಿ ಸಾಕು, ಆರಿಸಲು ಹೊತ್ತೇ ಸಿಗುವುದಿಲ್ಲ. ನಮ್ಮ ಹೆಲ್ಪರ್ ಕೈ ಹೋಸ್ ಕಡೆ ಹೋದದ್ದು ಕಂಡು ಹಿರಿಯ ಕಟ್ಟರ್ ಗದರಿದರು: "ಏಯ್ ತಮ್ಮಾ, ಸೆಖೆ ಆದ್ರೆ ನೆರಳಿಗೆ ಹೋಗು. ಅದನ್ನ ಮುಟ್ಟಬೇಡ."

ಗಾಳಿ ಬೆನ್ನ ಹಿಂದಿನಿಂದ ಬರುವ ಹೊತ್ತು ನೋಡಿ ಶುರು ಮಾಡಿದೆವು. ಸುತ್ತಲಿನ ಒಣಹುಲ್ಲು ಆಗಲೇ ಕೆರೆಸಿದ್ದೆವು. ನೀರಿನ ಟ್ಯಾಂಕರ್, ಬೆಂಕಿ ಆರಿಸುವ ಒಣಪುಡಿಯ ಡಿಸಿಪಿ ಪಕ್ಕದಲ್ಲಿ. ಮ್ಯಾನಿಫೋಲ್ಡ್ ಹತ್ತಿರ ಒಬ್ಬ ವಾಲ್ವ್ ಮೇಲೆ ಕೈಯಿಟ್ಟೇ ನಿಂತಿದ್ದ, ಅವನಿಗೆ ಬೇರೆ ಕೆಲಸ ಇಲ್ಲ. ಲ್ಯಾನ್ಸ್ ಹಿಡಿದವನ ಮುಂದೆ ತೂತಿರುವ ಒಂದು ದಪ್ಪ ತಗಡು. ಆ ತೂತಿನಿಂದ ಲ್ಯಾನ್ಸ್ ತೂರಿಸಿದರೆ ವಾಪಸ್ ಬರುವ ಕಿಡಿಯನ್ನು ತಗಡು ತಡೆಯುತ್ತದೆ. ಲ್ಯಾನ್ಸ್ ಕೂರಲು ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ವಿ ಆಕಾರದ ಆಸರೆ. ಆಸರೆಯ ಎತ್ತರವನ್ನು ಪಿನ್ನಿನ ಅಕ್ಷಕ್ಕೆ ದಾರ ಹಿಡಿದು ಸರಿಮಾಡಿದೆವು. ಪಿನ್ನಿನ ಮುಖದ ನಡುಮಧ್ಯ ಪಂಚ್ ಗುರುತು.

ಗ್ಯಾಸ್ ಕಟ್ಟರ್‌ನಿಂದ ಲ್ಯಾನ್ಸ್ ತುದಿಯನ್ನು ಕೆಂಪಗೆ ಕಾಯಿಸಿ, ಆಕ್ಸಿಜನ್ ಸ್ವಲ್ಪವೇ ಬಿಟ್ಟೆವು. ತುದಿ ಬೆಳ್ಳಗಾಗಿ ಚಿಟಪಟ ಅಂದಿತು. ಹಿರಿಯರು ತಲೆಯಾಡಿಸಿದರು, ಒತ್ತಡ 6 ಬಾರ್‌ಗೆ ಏರಿತು. ಪಂಚ್ ಗುರುತಿಗೆ ತುದಿ ಮುಟ್ಟಿಸಿ ಒಂದು ಕ್ಷಣ ಹಿಡಿದರು. ಪಿನ್ ಕರಗಿ ಬಾಯಿ ಬಿಟ್ಟಿತು. ಅಲ್ಲಿಂದ ಲ್ಯಾನ್ಸನ್ನು ಒತ್ತಿ ಹಿಡಿಯಬಾರದು. ಮುಂದೆ ಹಿಂದೆ ಆಡಿಸುತ್ತಾ, ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಹಿಂದಕ್ಕೆ ಎಳೆದಾಗ ಕಿಟ್ಟಕ್ಕೆ ಹೊರಬರಲು ದಾರಿ ಆಗುತ್ತದೆ. ಒತ್ತಿದರೆ ತುದಿ ಕಿಟ್ಟದಲ್ಲಿ ಹೂತು ಆರುತ್ತದೆ, ಅಲ್ಲೇ ಬೆಸೆದುಕೊಳ್ಳುತ್ತದೆ.

ನನ್ನ ಕೆಲಸ ಪಕ್ಕದಲ್ಲಿ ನಿಂತು ಲ್ಯಾನ್ಸಿನ ನೇರ ನೋಡುವುದು. ಲ್ಯಾನ್ಸ್ ಕಾದು ತನ್ನ ಭಾರಕ್ಕೇ ಬಾಗುತ್ತದೆ. ತೂತು ಮೆಲ್ಲಗೆ ಒಂದು ಬದಿಗೆ ಸರಿಯುತ್ತದೆ. ನಡುವಿನಿಂದ ಪಿನ್ನಿನ ಹೊರಮೈಗೆ 60 ಮಿಲಿಮೀಟರ್, ಅದರಲ್ಲಿ ತೂತಿನ ಅರ್ಧ ಅಗಲ ಕಳೆದರೆ ಉಳಿಯುವುದು 42. ಅದನ್ನು ದಾಟಿದರೆ ಬುಷ್, ಅದರಾಚೆ ಆರ್ಮ್‌ನ ಬಾಸ್. ಬಾಸ್ ಸುಟ್ಟರೆ ಪಿನ್ ರಿಪೇರಿ ಹೋಗಿ ಆರ್ಮ್ ರಿಪೇರಿ ಆಗುತ್ತದೆ. ಹಾಗಾಗಿ ನಡುನಡುವೆ ನಿಲ್ಲಿಸಿ, ಒಂದು ಉದ್ದ ಕಂಬಿ ಹಾಕಿ ಆಳ ಮತ್ತು ದಿಕ್ಕು ಎರಡನ್ನೂ ನೋಡುತ್ತಿದ್ದೆವು. ಬೇರೊಬ್ಬ ಟೆಂಪರೇಚರ್ ಗನ್ ಹಿಡಿದು ಬಾಸ್‌ನ ಹೊರಮೈ ನೋಡುತ್ತಿದ್ದ. 200 ಡಿಗ್ರಿ ಮೇಲೆ ಹೋದರೆ ನಿಲ್ಲಿಸುವುದು ಅಂತ ಮಾತಾಗಿತ್ತು. ಅಷ್ಟಕ್ಕೆ ಹೋಗಲಿಲ್ಲ. ನಿಪ್ಪಲ್ ಬಿಚ್ಚಿದ ತೂತುಗಳಿಂದ ದಟ್ಟ ಹೊಗೆ ಬಂತು, ಆಮೇಲೆ ಸಣ್ಣ ಜ್ವಾಲೆ ನಿಂತಿತು. ಒಳಗಿನ ಗ್ರೀಸ್ ಅಲ್ಲಿಂದ ಸುಟ್ಟು ಹೋಗುತ್ತಿತ್ತು. ಆ ದಾರಿ ಮುಚ್ಚಿದ್ದಿದ್ದರೆ ಅಂತ ಅಲ್ಲಿದ್ದ ಎಲ್ಲರೂ ಯೋಚಿಸಿರುತ್ತಾರೆ.

ಲ್ಯಾನ್ಸ್ ಬದಲಿಸುವಾಗ ಒಂದು ಶಿಸ್ತು: ಹೋಲ್ಡರ್‌ನಿಂದ ಒಂದಡಿ ಉಳಿದಾಗಲೇ ನಿಲ್ಲಿಸುವುದು. ಇನ್ನೂ ಸ್ವಲ್ಪ ಇದೆಯಲ್ಲ ಅನ್ನುವ ಆಸೆ ಕೈ ಸುಡುತ್ತದೆ.

400 ಮುಟ್ಟಿದ ಕೂಡಲೇ ಆಕ್ಸಿಜನ್ ಬಂದ್. ತೂತಿನೊಳಗೆ ಪಿನ್ ಹಳದಿಯಾಗಿ ಹೊಳೆಯುತ್ತಿತ್ತು. ಶಿಫ್ಟ್ ಸೂಪರ್‌ವೈಸರ್ ಟ್ಯಾಂಕರ್ ಕಡೆ ನೋಡಿ, "ನೀರು ಬಿಡೋಣಾ ಸಾರ್? ಬೇಗ ತಣ್ಣಗಾಗ್ತದೆ" ಅಂದರು. ಬೇಡ ಅಂದೆ. ಬಾಸ್ ಬಲವಾದ ಎರಕದ ಉಕ್ಕು. ಕಾದಾಗ ನೀರು ಬಿದ್ದರೆ ಬಿರುಕು ಬಿಡುತ್ತದೆ. ಮೇಲೆ ಕಾಣದ ಬಿರುಕು ತಿಂಗಳುಗಳ ನಂತರ ಬಕೆಟ್ ಸಮೇತ ಕೆಳಗೆ ಬೀಳುತ್ತದೆ. ಬೆಟ್ಟದ ಗಾಳಿಗೇ ಬಿಟ್ಟೆವು. ಬೆಂಕಿ ಕಾಯಲು ಒಬ್ಬನನ್ನು ಕೂರಿಸಿ ಉಳಿದವರು ಕೆಳಗಿಳಿದೆವು.

ಬೆಳಿಗ್ಗೆ ಬಾಸ್ ಮೇಲೆ ಬರಿಗೈ ಇಡುವಷ್ಟು ತಣ್ಣಗಾಗಿತ್ತು. ಬಲಗಡೆ ಅದೇ ಜ್ಯಾಕಿ ಕಟ್ಟಿ ಪಂಪ್ ಒತ್ತಿದೆವು. ಗೇಜ್ 250 ಬಾರ್ ಮುಟ್ಟುವ ಮೊದಲೇ 'ಟಕ್' ಅಂತ ದೊಡ್ಡ ಸದ್ದು ಬಂತು. ಪಿನ್ ಎಡಕ್ಕೆ ಕೂದಲೆಳೆಯಷ್ಟು ಜರುಗಿತು. ಆಮೇಲೆ ಅದನ್ನು ತಡೆಯುವವರೇ ಇಲ್ಲ. ಚೈನ್ ಬ್ಲಾಕ್‌ಗೆ ಕಟ್ಟಿ ಹೊರಗೆಳೆದೆವು. ಎಡಗಡೆಯ ಪಿನ್ ಮೈಯಲ್ಲಿ ಬುಷ್‌ನ ಲೋಹ ಉದ್ದಕ್ಕೂ ಅಂಟಿಕೊಂಡು ಕಿತ್ತುಬಂದಿತ್ತು. ಬಲಗಡೆಯ ಅರ್ಧ ಇನ್ನೂ ಹೊಳೆಯುತ್ತಿತ್ತು.

ಕಾರಣ ಹುಡುಕಲು ಹೊತ್ತು ಬೇಕಾಗಲಿಲ್ಲ. ಎಡ ಬುಷ್‌ನೊಳಗೆ ಗ್ರೀಸ್ ಹರಿಯುವ ಕಾಲುವೆಯಲ್ಲಿ ಗ್ರೀಸ್ ಇರಲಿಲ್ಲ. ಕೆಂಪು ಮಣ್ಣು, ಸುಟ್ಟ ಗ್ರೀಸ್ ಸೇರಿ ಇಟ್ಟಿಗೆಯಷ್ಟು ಗಟ್ಟಿಯಾದ ಮುದ್ದೆ ಕೂತಿತ್ತು. ತಾನಾಗೇ ಗ್ರೀಸ್ ಕಳಿಸುವ ಆಟೊ ಲೂಬ್ರಿಕೇಶನ್‌ನ ಆ ಕಡೆಯ ಪೈಪ್ ಆರ್ಮ್‌ನ ಅಡಿಯಲ್ಲಿ ಕಲ್ಲು ತಾಗಿ ಚಪ್ಪಟೆಯಾಗಿತ್ತು. ಪಂಪ್ ನಡೆಯುತ್ತಿತ್ತು, ಕ್ಯಾಬಿನ್‌ನಲ್ಲಿ ಹಸಿರು ದೀಪವೂ ಉರಿಯುತ್ತಿತ್ತು. ಗ್ರೀಸ್ ಮಾತ್ರ ಎಡಕ್ಕೆ ಹೋಗುತ್ತಿರಲಿಲ್ಲ. ಯಂತ್ರದ ದೀಪ ನಂಬಿ ಕೂರಬಾರದು. ಪ್ರತಿ ಶಿಫ್ಟಿಗೂ ಬುಷ್ ಅಂಚಿನಿಂದ ಹೊಸ ಗ್ರೀಸ್ ಉಕ್ಕಿ ಬರುವುದು ಕಣ್ಣಿಗೆ ಕಾಣಬೇಕು.

ಬಕೆಟ್ ಕಿವಿಗಳು ಅಂಡಾಕಾರ ಆಗಿದ್ದವು. ವೆಲ್ಡಿಂಗ್‌ನಿಂದ ತುಂಬಿ, ಪೋರ್ಟಬಲ್ ಲೈನ್ ಬೋರಿಂಗ್ ಯಂತ್ರ ಕಟ್ಟಿ ಮತ್ತೆ ಗುಂಡಗೆ ತಂದೆವು. ಅದು ಎಲ್ಲರಿಗೂ ಗೊತ್ತಿರುವ ಕೆಲಸ. ಆರ್ಮ್‌ನ ಬಾಸ್ ಅಳತೆಯಲ್ಲಿತ್ತು. ಡೈ ಪೆನಿಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಾಕಿ ನೋಡಿದಾಗ ಬಿರುಕು ಕಾಣಲಿಲ್ಲ. ಅದನ್ನು ನೋಡಿದ ಮೇಲೇ ನಾನು ಸಮಾಧಾನವಾಗಿ ಊಟ ಮಾಡಿದ್ದು.

ಹೊಸ ಬುಷ್ ಕೂರಿಸಲು ಲಿಕ್ವಿಡ್ ನೈಟ್ರೋಜನ್ ತರಿಸಿದೆವು. ಅದರ ತಂಪು ಸೊನ್ನೆಗಿಂತ 196 ಡಿಗ್ರಿ ಕೆಳಗೆ. 140 ಮಿಲಿಮೀಟರ್ ಹೊರ ಅಳತೆಯ ಬುಷ್ ಅದರಲ್ಲಿ ಮುಳುಗಿದರೆ ಸುಮಾರು ಕಾಲು ಮಿಲಿಮೀಟರ್ ಕುಗ್ಗುತ್ತದೆ. ಕುದಿಯುವ ಸದ್ದು ನಿಂತಿತು ಅಂದರೆ ಬುಷ್ ಪೂರ್ತಿ ತಣ್ಣಗಾಗಿದೆ ಅಂತ ಅರ್ಥ. ಇಕ್ಕಳದಲ್ಲಿ ಹಿಡಿದು ಬಾಸ್‌ಗೆ ಇಟ್ಟರೆ ಕೈಯಲ್ಲೇ ಜಾರಿ ಕೂರುತ್ತದೆ. ಸಮ್ಮಟಿ ಬೇಡ. ಗ್ರೀಸ್ ತೂತು ಎದುರುಬದುರು ಬರುವಂತೆ ಮೊದಲೇ ಗುರುತು ಹಾಕಿರಬೇಕು. ಒಮ್ಮೆ ಬಿಸಿಯಾಗಿ ಹಿಗ್ಗಿತೆಂದರೆ ತಿರುಗಿಸಲು ಆಗುವುದಿಲ್ಲ. ಲ್ಯಾನ್ಸಿಗೆ ಬಂದ ಆಕ್ಸಿಜನ್, ಬುಷ್‌ಗೆ ಬಂದ ನೈಟ್ರೋಜನ್ ಎರಡೂ ಗಾಳಿಯನ್ನು ತಣಿಸಿ ಬೇರೆ ಮಾಡುವ ಒಂದೇ ಬಗೆಯ ಪ್ಲಾಂಟ್‌ನಿಂದ ಬರುವಂಥವು. ಒಂದರಿಂದ ಹಳೆಯದನ್ನು ಕುಗ್ಗಿಸಿ ತೆಗೆದೆವು, ಇನ್ನೊಂದರಿಂದ ಹೊಸದನ್ನು ಕುಗ್ಗಿಸಿ ಕೂರಿಸಿದೆವು. ನೈಟ್ರೋಜನ್ನಿನ ಕೆಲಸವೂ ಬಯಲಲ್ಲೇ ಆಗಬೇಕು. ಮುಚ್ಚಿದ ಜಾಗದಲ್ಲಾದರೆ ವಾಸನೆಯಿಲ್ಲದೆ ಉಸಿರು ನಿಲ್ಲಿಸುತ್ತದೆ.

ಹೊಸ ಪಿನ್, ಹೊಸ ಸೀಲ್, ಮೋಲಿ (ಮಾಲಿಬ್ಡಿನಮ್ ಡೈಸಲ್ಫೈಡ್) ಬೆರೆತ ಗ್ರೀಸ್. ಚಪ್ಪಟೆಯಾದ ಪೈಪಿನ ಜಾಗದಲ್ಲಿ ಹೊಸದು ಎಳೆದು, ಆರ್ಮ್‌ನ ಅಡಿಯಿಂದ ಪಕ್ಕಕ್ಕೆ ತಂದು, ಮೇಲೆ ಒಂದು ಆ್ಯಂಗಲ್ ಬೆಸೆದು ಮುಚ್ಚಿದೆವು. ಅಡ್ಡ ಬೋಲ್ಟ್ ಬಿಗಿದು ಪಿನ್ನಿನ ಮುಖದಿಂದ ಕಿವಿಯವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದೆವು. ಗೆರೆ ಮುರಿದು ಸರಿದರೆ ಪಿನ್ ತಿರುಗುತ್ತಿದೆ ಅಂತ ಆಪರೇಟರ್‌ಗೆ ದೂರದಿಂದಲೇ ಗೊತ್ತಾಗುತ್ತದೆ. ಅದೇ ಗೆರೆಯನ್ನು ಆ ಗಣಿಯ ಬೇರೆ ಎಕ್ಸ್‌ಕವೇಟರ್‌ಗಳ ಪಿನ್‌ಗಳಿಗೂ ಎಳೆಸಿದೆ.

ಯಂತ್ರ ಈಗ ಮತ್ತೆ ಅದಿರು ತುಂಬುತ್ತಿದೆ. ಬಕೆಟ್ ಪಿನ್ನಿನ ಗೆರೆ ನೇರವಾಗಿದೆ, ಎರಡೂ ಕಡೆ ಗ್ರೀಸ್ ಉಕ್ಕುತ್ತಿದೆ. ಪಕ್ಕದ ಬೆಂಚಿನ ಇನ್ನೊಂದು ಯಂತ್ರದ ಲಿಂಕ್ ಪಿನ್‌ನಲ್ಲಿ ಮಾತ್ರ ಗೆರೆ ಸ್ವಲ್ಪ ಸರಿದಿದೆ ಅಂತ ಆಪರೇಟರ್ ಫೋನ್ ಮಾಡಿದ್ದ. ಅದು ಜ್ಯಾಕಿಗೆ ಬಗ್ಗುವಾಗಲೇ ತೆಗೆಯೋಣ ಅಂತ ಈ ವಾರವೇ ಶಟ್‌ಡೌನ್ ಕೇಳಿದ್ದೇನೆ.